ಹದಿನಾಲ್ಕು ಮೆಟ್ಟಿಲು, ಅರವತ್ತು ಪೌಂಡ್ ಅಕ್ಕಿ

ಮೋನಪ್ಪನವರು ಅಂಗಡಿಯ ನಟ್ಟನಡುವೆ ನಿಂತು ಬೈಯುತ್ತಿದ್ದರು. ಅವರ ಕಾಲ ಬುಡದಲ್ಲಿ ಇಪ್ಪತ್ತಿಪ್ಪತ್ತು ಪೌಂಡಿನ ಮೂರು ಸೋನಾ ಮಸೂರಿ ಅಕ್ಕಿ ಚೀಲಗಳಿದ್ದವು. ತಮ್ಮ ಹೋಟೆಲಿನ ಉಗ್ರಾಣದಿಂದ ಕಾರಿನಲ್ಲಿ ಹಾಕಿಕೊಂಡು ತಂದಿದ್ದರು. ರೂಟ್ ನೈನ್ ಹೆದ್ದಾರಿಯ ಪಕ್ಕದ ಆ ದೊಡ್ಡ ಬೇಟೆ ಸಾಮಾನಿನ ಅಂಗಡಿಯಲ್ಲಿ ಡೇರೆ, ಬೂಟು, ಬಂದೂಕಿನ ಎಣ್ಣೆ ಎಲ್ಲ ಸಿಗುತ್ತದೆ. ಆದರೆ ಅಕ್ಕಿ ತಂದ ಗಿರಾಕಿಯನ್ನು ಅಲ್ಲಿಯವರು ಅದೇ ಮೊದಲು ನೋಡಿದ್ದಿರಬೇಕು.

ಬೆನ್ನಿಗೆ ಹಾಕುವ ಬ್ಯಾಗುಗಳ ವಿಭಾಗದ ಡೇನಿಯಲ್, ಭಾರ ಹೊತ್ತು ನೋಡಲೆಂದು ಮರಳಿನ ಚೀಲ ಕೊಡಲು ಬಂದ. ಮೋನಪ್ಪನವರು ಅವನಿಗೆ ಇಂಗ್ಲಿಷಿನಲ್ಲಿ ಬೇಡವೆಂದು ಹೇಳಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ ಮುಂದುವರಿಸಿದರು. “ಮರಳು ಒಂದೇ ಕಡೆ ಗಟ್ಟಿ ಕೂತುಕೊಳ್ತದೆ ಮಾರಾಯ್ರೆ. ಮಾಂಸ ಹಾಗಾ? ಅಕ್ಕಿಯ ಹಾಗೆ ಜಾರ್ತದೆ. ನಿಮಗೆ ಎಂತ ಗೊತ್ತುಂಟು, ನಿಮ್ಮದು ಸೂಟ್‌ಕೇಸ್ ಬುದ್ಧಿ.”

ನನ್ನ ಮೈ ಉರಿಯಿತು. ಒಂದು ವರ್ಷದಿಂದ ಈ ಮಾತು ಕೇಳಿ ಕೇಳಿ ಸಾಕಾಗಿತ್ತು. ಆದರೂ ಸುಮ್ಮನಿದ್ದೆ, ಯಾಕೆಂದರೆ ತಪ್ಪು ನನ್ನದೆಂದು ನಂಬಿದ್ದೆ.

ಮೋನಪ್ಪನವರಿಗೆ ಅರವತ್ತಮೂರು ವರ್ಷ. ಬಂಟ್ವಾಳದ ಕಡೆಯವರು. ಮುಂಬಯಿಯ ಹೋಟೆಲಿನಲ್ಲಿ ಲೋಟ ತೊಳೆದು ಶುರು ಮಾಡಿದ ಮನುಷ್ಯ ಇವತ್ತು ಓಲ್ಡ್ ಬ್ರಿಡ್ಜ್‌ನಲ್ಲಿ ಸ್ವಂತ ಹೋಟೆಲು ನಡೆಸುತ್ತಾರೆ. ಕಲ್ಲಿನ ಮುಂದೆ ಇವತ್ತಿಗೂ ತಾವೇ ನಿಂತು ದೋಸೆ ಹುಯ್ಯುತ್ತಾರೆ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ನೀರುದೋಸೆಗೆ ಕೆಚಪ್ ಕೇಳಿದವರ ಮೇಲೆ ಸಿಟ್ಟು, ಖಾರ ಇಲ್ಲದ ಕೋರಿರೊಟ್ಟಿ ಕೇಳಿದವರ ಮೇಲೆ ಇನ್ನೂ ಸಿಟ್ಟು. ಬೇಟೆಯಾಡಿ ತಂದ ಜಿಂಕೆಯ ಸುಕ್ಕ ಮೆನುವಿನಲ್ಲಿ ಇದೆಯಾ ಅಂತ ಯಾರೋ ಕೇಳಿದ್ದಕ್ಕೆ ಅವರ ತಟ್ಟೆಯನ್ನೇ ಎತ್ತಿಕೊಂಡು ಒಳಗೆ ಹೋಗಿದ್ದರು. ಅದು ಮನೆಯವರಿಗೆ ಮಾತ್ರ ಮಾಡುವ ಅಡಿಗೆ, ಮಾರುವುದಲ್ಲ.

ವರ್ಷದಲ್ಲಿ ಐದು ದಿನ ಮಾತ್ರ ಅವರಿಗೆ ಸಿಟ್ಟು ಬರುವುದಿಲ್ಲ. ನವೆಂಬರಿನಲ್ಲಿ ಹೋಟೆಲನ್ನು ಹೆಂಡತಿ ಜಯಂತಿಯವರಿಗೆ ಒಪ್ಪಿಸಿ ನ್ಯೂಯಾರ್ಕ್ ರಾಜ್ಯದ ಅಡಿರಾಂಡಾಕ್ ಕಾಡಿಗೆ ಬೇಟೆಗೆ ಹೋಗುವ ಐದು ದಿನ. ಕಾರು ಬಿಟ್ಟು ನಾಲ್ಕು ಮೈಲಿ ಒಳಗೆ ನಡೆದು ಡೇರೆ ಹಾಕುತ್ತಾರೆ. ಹೋದ ವರ್ಷದ ಒಂದು ದಿನ ಬಿಟ್ಟರೆ ಅಲ್ಲಿ ಅವರು ಧ್ವನಿ ಏರಿಸಿದ್ದನ್ನು ನಾನು ಕೇಳಿಲ್ಲ. ಜಯಂತಿಯವರಿಗೆ ಈ ಹವ್ಯಾಸ ಕಂಡರೆ ಆಗದು. ಗಂಡನಿಗೆ ಅರವತ್ತು ತುಂಬಿದ ದಿನವೇ ಅವರಿಂದ ಮಾತು ತೆಗೆದುಕೊಂಡಿದ್ದರು, ಹೊಡೆದದ್ದನ್ನು ಹೊತ್ತು ತರಲು ಆಗದ ವರ್ಷವೇ ಬಂದೂಕು ಮಾರಬೇಕು ಅಂತ. ಮೋನಪ್ಪನವರು ನಗುತ್ತಾ ಒಪ್ಪಿದ್ದರು, ಅಂಥ ವರ್ಷ ತಮಗೆ ಬರುವುದೇ ಇಲ್ಲ ಎಂಬ ಧೈರ್ಯದಲ್ಲಿ.

ನಾನು ಸುಬ್ಬು, ಮೈಸೂರಿನವನು, ಮೊಟ್ಟೆಯನ್ನೂ ಮುಟ್ಟದವನು. ಮೆಟುಚೆನ್‌ನಿಂದ ಇಪ್ಪತ್ತು ವರ್ಷ ರೈಲಿನಲ್ಲಿ ಕೆಲಸಕ್ಕೆ ಓಡಾಡಿ ಬೆನ್ನು ಹಿಡಿದ ಮೇಲೆ ನಡೆಯುವುದಕ್ಕೆಂದು ಅವರ ಜೊತೆ ಹೊರಟೆ. ಇದು ಎಂಟನೆಯ ವರ್ಷ. ಅವರು ಬಂದೂಕು ಹಿಡಿದು ಹೋದರೆ ನಾನು ಡೇರೆಯಲ್ಲಿ ಉಪ್ಪಿಟ್ಟು ಕೆದಕುತ್ತೇನೆ. ನಮ್ಮ ಕನ್ನಡದವರ ನಡುವೆ ನನಗೆ ಇನ್ನೊಂದು ವಿಷಯಕ್ಕೆ ಹೆಸರಿತ್ತು. ಊರಿಗೆ ಹೊರಟವರೆಲ್ಲ ಸೂಟ್‌ಕೇಸ್ ತುಂಬಲು ನನ್ನನ್ನೇ ಕರೆಯುತ್ತಿದ್ದರು. ತಕ್ಕಡಿ ಇಲ್ಲದೆ ಕೈಯಲ್ಲಿ ಎತ್ತಿ ನೋಡಿ ವಿಮಾನದವರ ಮಿತಿಯಾದ ಇಪ್ಪತ್ತಮೂರು ಕೆಜಿಗೆ ಸರಿಯಾಗಿ ನಿಲ್ಲಿಸುತ್ತಿದ್ದೆ. ಶೂಗಳೊಳಗೆ ಸಾಕ್ಸ್, ಸಾಕ್ಸ್‌ನೊಳಗೆ ಚಾಕಲೇಟು, ಒಂದು ಬೆರಳಿನ ಜಾಗವೂ ಪೋಲಾಗಬಾರದು. ಪಿಸ್ಕಾಟವೇಯಿಂದ ಓಲ್ಡ್ ಬ್ರಿಡ್ಜ್‌ವರೆಗೆ ಎಷ್ಟು ಮನೆಯ ಸೂಟ್‌ಕೇಸುಗಳ ಮೇಲೆ ಕೂತು ಜಿಪ್ ಎಳೆದಿದ್ದೇನೋ ಲೆಕ್ಕವಿಲ್ಲ. ಅದು ನನ್ನ ಹೆಮ್ಮೆಯಾಗಿತ್ತು.

ಹೋದ ವರ್ಷ ಮೋನಪ್ಪನವರ ಹಳೆಯ ಬ್ಯಾಗ್ ಹಾಳಾಯಿತು. ಹೊಸದನ್ನು ಆರಿಸುವ ಕೆಲಸ ನಾನು ಮೈಮೇಲೆ ಹಾಕಿಕೊಂಡೆ. ಹನ್ನೊಂದು ಬ್ಯಾಗುಗಳ ಸ್ಪ್ರೆಡ್‌ಶೀಟ್ ಮಾಡಿ, ಎಲ್ಲಕ್ಕಿಂತ ಹಗುರವಾದ, ಎಲ್ಲಕ್ಕಿಂತ ಹೆಚ್ಚು ಹಿಡಿಯುವ ಒಂದನ್ನು ತರಿಸಿದೆ. ಒಳಗೆ ಚೌಕಟ್ಟಿರಲಿಲ್ಲ, ಬರೀ ಬಟ್ಟೆ. ಐದು ದಿನದ ಸಾಮಾನನ್ನು ನನ್ನ ಪದ್ಧತಿಯಂತೆ ಬಾಯಿವರೆಗೂ ಒತ್ತಿ ತುಂಬಿದೆ. ವಿಮಾನಕ್ಕೆ ಹೋಗುವವನ ಹಾಗೆ ಹೋಗುವ ಭಾರವನ್ನಷ್ಟೇ ಯೋಚಿಸಿದ್ದೆ. ಬೇಟೆಯ ಬ್ಯಾಗನ್ನು ಬರುವ ಭಾರಕ್ಕೆ ನೋಡಿ ಆರಿಸಬೇಕು ಎಂಬುದು ನನಗೆ ಹೊಳೆಯಲೇ ಇಲ್ಲ.

ಮೂರನೆಯ ದಿನ ದೊಡ್ಡ ಗಂಡು ಜಿಂಕೆ ಸಿಕ್ಕಿತು. ಬ್ಯಾಗ್ ಖಾಲಿ ಮಾಡಿ ಮುಂಭಾಗದ ಮಾಂಸವನ್ನು ಮೊದಲ ಸರದಿಯಲ್ಲಿ ಕಾರಿನವರೆಗೆ ಹೊತ್ತು ತಂದೆವು, ಅಂದರೆ ಅವರು ಮಾಂಸ, ನಾನು ಸಾಮಾನು. ಹಿಂದಿನ ಎರಡು ತೊಡೆಗಳನ್ನು ಮರಕ್ಕೆ ನೇತುಹಾಕಿ ಬಂದಿದ್ದೆವು. ನನ್ನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಮಾರನೆಯ ಬೆಳಿಗ್ಗೆ ನನ್ನನ್ನು ಕಾರಿನಲ್ಲಿ ಕೂರಿಸಿ ಅವರೊಬ್ಬರೇ ಹೋದರು. ಮಧ್ಯಾಹ್ನ ಖಾಲಿ ಬ್ಯಾಗ್ ಎಳೆದುಕೊಂಡು ಬಂದರು. ಒಂದು ಭುಜದ ಪಟ್ಟಿ ಜೋತಾಡುತ್ತಿತ್ತು.

“ಹರಿದುಹೋಯ್ತು ನಿಮ್ಮ ಬ್ಯಾಗ್,” ಅಂದರು. ಸ್ವಲ್ಪ ಸ್ವಲ್ಪವಾಗಿ ತರೋಣ, ನಾನೂ ಬರುತ್ತೇನೆ ಅಂದೆ. “ಹಿಮ ಬೀಳ್ತಾ ಉಂಟು, ಕಾಣುವುದಿಲ್ವಾ?” ಅಂತ ಗದರಿದರು. ಕೊಂದ ಪ್ರಾಣಿಯ ಅರ್ಧವನ್ನು ಕಾಡಿನಲ್ಲಿ ಕೊಳೆಯಲು ಬಿಟ್ಟು ಬಂದೆವು.

ಆ ಕಥೆಯನ್ನು ಮೋನಪ್ಪನವರೇ ನಮ್ಮವರ ವಾಟ್ಸಾಪ್ ಗುಂಪಿನಲ್ಲಿ ಹೇಳಿದರು. ಸುಬ್ಬು ಆರಿಸಿದ ಬ್ಯಾಗ್, ಸುಬ್ಬು ತುಂಬಿದ ಬ್ಯಾಗ್ ಅಂತ ಇನ್ನೂರು ಜನ ನಕ್ಕರು. ಅದಾದ ಮೇಲೆ ಊರಿಗೆ ಹೊರಟವರು ಯಾರೂ ನನ್ನನ್ನು ಕರೆಯಲಿಲ್ಲ. ಬೇಸಿಗೆ ರಜೆಯಲ್ಲಿ ಪಕ್ಕದ ಬೀದಿಯ ಲಾಸ್ಯಾ ಕೂಡ ತನ್ನ ಸೂಟ್‌ಕೇಸನ್ನು ತಾನೇ ತುಂಬಿಕೊಂಡು ಹೋದಳು. ಹಾಸ್ಯ ಅಂತ ಎಲ್ಲರೂ ಹೇಳುತ್ತಾರೆ, ಆದರೆ ನನಗೆ ಅದು ಹಾಸ್ಯವಾಗಿರಲಿಲ್ಲ.

ಈ ವರ್ಷದ ಅಂಗಡಿ ಯಾತ್ರೆಗೆ ನಾನು ಹೋದದ್ದು ಆ ಪಾಪ ಕಳೆದುಕೊಳ್ಳಲು. ಡೇನಿಯಲ್ ಟೇಪು ಹಿಡಿದು ಮೋನಪ್ಪನವರ ಕುತ್ತಿಗೆಯ ಉಬ್ಬಿದ ಮೂಳೆಯಿಂದ ಸೊಂಟದ ಮೂಳೆಯವರೆಗೆ ಬೆನ್ನು ಅಳೆದ. ಮನುಷ್ಯನ ಎತ್ತರ ಮುಖ್ಯವಲ್ಲ, ಈ ಅಳತೆ ಮುಖ್ಯ ಅಂದ. ಗಟ್ಟಿ ಚೌಕಟ್ಟು ಬೇಕು, ಚೀಲಕ್ಕೂ ಚೌಕಟ್ಟಿಗೂ ನಡುವೆ ಮಾಂಸ ಕಟ್ಟಲು ಜಾಗ ಬೇಕು, ಭಾರ ಭುಜದ ಮೇಲಲ್ಲ, ಸೊಂಟದ ಮೇಲೆ ಕೂರಬೇಕು. ಮೂರು ಬ್ಯಾಗು ತೋರಿಸಿದ. ಸಮತಟ್ಟು ನೆಲದ ಮೇಲೆ ಹತ್ತು ಹೆಜ್ಜೆ ನಡೆದರೆ ಏನೂ ತಿಳಿಯುವುದಿಲ್ಲ ಅಂತ ಮೋನಪ್ಪನವರು ಹಟ ಹಿಡಿದರು. ಬೇಡವಾದದ್ದನ್ನು ವಾಪಸ್ ತರಬಹುದು ಅಂತ ಅವನಿಂದ ಹೇಳಿಸಿಕೊಂಡು ಮೂರನ್ನೂ ಹೋಟೆಲಿಗೆ ತಂದೆವು.

ಹೋಟೆಲಿನ ನೆಲಮಾಳಿಗೆಗೆ ಹದಿನಾಲ್ಕು ಮೆಟ್ಟಿಲು. ಅರವತ್ತು ಪೌಂಡ್ ಅಕ್ಕಿ ಕಟ್ಟಿಕೊಂಡು ಇಪ್ಪತ್ತು ಸಲ ಹತ್ತಿ ಇಳಿಯುವುದು ಅವರ ಪರೀಕ್ಷೆ. ಮಧ್ಯಾಹ್ನದ ಗಿರಾಕಿಗಳು ಹೋಗಿದ್ದರು, ಜಯಂತಿಯವರು ಮೇಲೆ ಮೇಜು ಒರೆಸುತ್ತಿದ್ದರು. ಮೊದಲನೆಯ ಬ್ಯಾಗ್ ನಾಲ್ಕನೇ ಸಲಕ್ಕೆ ಸೊಂಟದಿಂದ ಜಾರಿತು. “ಇದು ಶಾಲೆಯ ಬ್ಯಾಗ್,” ಅಂತ ಮೂಲೆಗೆ ಎಸೆದರು. ಎರಡನೆಯದು ಬೆನ್ನಿಗೆ ತಾಗದೆ ಹಿಂದಕ್ಕೆ ಎಳೆಯಿತು. ಅದಕ್ಕೂ ಬೈಗುಳ ಸಿಕ್ಕಿತು.

ಮೂರನೆಯದು ಸರಿಯಾಗಿತ್ತು. ನನ್ನಂಥವನಿಗೂ ಕಾಣುತ್ತಿತ್ತು, ಅಕ್ಕಿ ಅಲುಗಾಡಲಿಲ್ಲ, ಪಟ್ಟಿ ಕಿರುಗುಟ್ಟಲಿಲ್ಲ, ಭಾರವೆಲ್ಲ ಸೊಂಟದ ಮೇಲೆ ಕೂತಿತ್ತು. ಮೋನಪ್ಪನವರು ಆರು ಸಲ ಹತ್ತಿದರು. ಏಳನೆಯ ಸಲ ಐದನೇ ಮೆಟ್ಟಿಲಿನಲ್ಲಿ ನಿಂತರು. ಬಲಗಾಲು ಎತ್ತಲು ನೋಡಿದರು. ಮಂಡಿ ನಡುಗಿತು. ಕಂಬಿ ಹಿಡಿದು ಅಲ್ಲೇ ಕೂತರು.

“ಈ ಬ್ಯಾಗಲ್ಲಿಯೂ ಎಂತದೋ ಸರಿ ಇಲ್ಲ,” ಅಂದರು.

“ಬ್ಯಾಗ್ ಸರಿಯಾಗೇ ಇದೆ ಮೋನಪ್ಪನವರೇ.”

“ನಿಮ್ಮ ಹತ್ತಿರ ಕೇಳ್ಲಿಲ್ಲ ನಾನು. ಬ್ಯಾಗಿನ ವಿಷಯ ನೀವು ಮಾತಾಡ್ಲೇಬೇಡಿ.”

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಈರುಳ್ಳಿ ಮೂಟೆಗಳ ಹಿಂದೆ ಒಂದು ಮೊಳೆಗೆ ಹೋದ ವರ್ಷದ ಆ ದರಿದ್ರ ಬ್ಯಾಗ್ ನೇತುಬಿದ್ದಿತ್ತು. ಒಂದು ವರ್ಷ ಅದರ ಮುಖ ನೋಡಲು ಮನಸ್ಸಾಗಿರಲಿಲ್ಲ. ಅದನ್ನು ಕಿತ್ತು ಕಸಕ್ಕೆ ಹಾಕಿ ಈ ಕಥೆಯನ್ನೇ ಮುಗಿಸಿಬಿಡೋಣ ಅಂತ ಹೋಗಿ ಎಳೆದೆ. ಭುಜದ ಪಟ್ಟಿ ಕೈಗೆ ಬಂತು.

ಹರಿದ ಬಟ್ಟೆಯ ನೂಲು ಹೇಗಿರುತ್ತದೆ ಅಂತ ನನಗೆ ಗೊತ್ತು. ಎಷ್ಟೋ ಸೂಟ್‌ಕೇಸಿನ ಪಟ್ಟಿ ಹರಿದದ್ದು ನೋಡಿದ್ದೇನೆ. ಎಳೆ ಎಳೆಯಾಗಿ ಜಗ್ಗಿ, ಒಂದು ಉದ್ದ ಒಂದು ಗಿಡ್ಡ ಇರುತ್ತದೆ. ಈ ಪಟ್ಟಿಯ ಅಂಚು ನೇರವಾಗಿತ್ತು. ಹೊಲಿಗೆ ಒಂದೂ ಬಿಟ್ಟಿರಲಿಲ್ಲ. ಹೊಲಿಗೆಯಿಂದ ಎರಡಿಂಚು ಕೆಳಗೆ ಚಾಕುವಿನಲ್ಲಿ ಕುಯ್ದಿತ್ತು.

ಅದನ್ನು ಅವರ ಮುಖದ ಮುಂದೆ ಹಿಡಿದೆ. “ಇದು ಹರಿದಿದ್ದಲ್ಲ.”

ಅವರು ನೋಡಿದರು. ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. “ಅಲ್ಲ,” ಅಂದರು.

“ನೀವೇ ಕುಯ್ದಿರಾ?”

“ಹೌದು. ಕಾರು ಕಾಣುವ ಮೊದಲು ನಿಂತು ಕುಯ್ದೆ.” ಸೊಂಟದ ಪಟ್ಟಿ ಇನ್ನೂ ಬಿಗಿದೇ ಇತ್ತು, ಬೆನ್ನಲ್ಲಿ ಅಕ್ಕಿ ಹಾಗೇ ಇತ್ತು. “ಎರಡೂ ತೊಡೆ ಹಾಕಿ ಏಳಲಿಕ್ಕೆ ನೋಡಿದೆ, ಆಗ್ಲಿಲ್ಲ. ಒಂದೇ ಹಾಕಿ ನೋಡಿದೆ. ನೂರು ಹೆಜ್ಜೆಗೆ ಬಿದ್ದೆ. ಒಂದು ಗಂಟೆ ಹಿಮದಲ್ಲಿ ಕೂತಿದ್ದೆ ಮಾರಾಯ್ರೆ. ನಿಮಗೆ ಗೊತ್ತಾದ್ರೆ ಜಯಂತಿಗೆ ಗೊತ್ತಾಗ್ತದೆ. ಮತ್ತೆ ಬಂದೂಕು ಹೋಯ್ತು, ಕಾಡೂ ಹೋಯ್ತು.”

ನನಗೆ ಬಂದ ಕೋಪ ಜೀವನದಲ್ಲಿ ಇನ್ಯಾವತ್ತೂ ಬಂದಿಲ್ಲ. “ಒಂದು ವರ್ಷ,” ಅಂದೆ. “ಒಂದು ವರ್ಷ ನನ್ನನ್ನ ಊರಿಗೆಲ್ಲಾ ನಗೆಪಾಟಲು ಮಾಡಿದ್ರಿ. ನಾನು ತಪ್ಪು ಬ್ಯಾಗ್ ಆರಿಸಿದೆ, ಒಪ್ಕೋತೀನಿ. ಆದ್ರೆ ಆ ಮಾಂಸ ಕೊಳೆತಿದ್ದು ನನ್ನಿಂದ ಅಂತ ನಾನು ಎಷ್ಟು ದಿನ ಸಂಕಟಪಟ್ಟಿದೀನಿ ಗೊತ್ತೇನ್ರೀ ನಿಮಗೆ? ಹೇಳಿದ್ರೆ ನಾನೇ ಹೋಗಿ ತರ್ತಿದ್ದೆ. ಕುಂಟ್ಕೊಂಡಾದ್ರೂ ತರ್ತಿದ್ದೆ.”

“ನೀವು ಮಾಂಸ ಮುಟ್ಟುವವರಲ್ಲ.”

“ಅದನ್ನ ಕೇಳಬೇಕಾಗಿತ್ತು. ಕೇಳೋದು ಬಿಟ್ಟು ಚಾಕು ತಗೊಂಡ್ರಿ. ಗುಂಪಿನಲ್ಲಿ ಹೇಳಿ ಈಗ. ಅಲ್ಲೇ ಹೇಳಿದ್ದು, ಅಲ್ಲೇ ಹೇಳಿ. ಇಲ್ದಿದ್ರೆ ನಾನು ಇನ್ನು ಈ ಮೆಟ್ಟಿಲು ತುಳಿಯಲ್ಲ.”

ಅವರು ಜೇಬಿನಿಂದ ಫೋನ್ ತೆಗೆದರು. ಆ ಗುಂಪಿನಲ್ಲಿ ಜಯಂತಿಯವರೂ ಇದ್ದಾರೆ ಅನ್ನುವುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಿದ್ದೆ. ಬಟನ್ ಒತ್ತಿ ಮಾತಾಡಿದರು. “ನಮಸ್ಕಾರ, ನಾನು ಮೋನಪ್ಪ. ಹೋದ ವರ್ಷ ಸುಬ್ಬುರವರ ಬ್ಯಾಗ್ ಹರಿದದ್ದಲ್ಲ. ನಾನೇ ಕುಯ್ದದ್ದು. ನನ್ನಿಂದ ಹೊರಲಿಕ್ಕೆ ಆಗ್ಲಿಲ್ಲ. ಸುಳ್ಳು ಹೇಳಿದೆ.”

ಕಳಿಸಿದರು. ಕ್ಷಣ ಬಿಟ್ಟು ಅದೇ ಧ್ವನಿ ಮೇಲಿನಿಂದ, ಜಯಂತಿಯವರ ಫೋನಿನಿಂದ ಕೇಳಿಸಿತು. ಅವರು ಎರಡು ಸಲ ಹಾಕಿ ಕೇಳಿದರು. ಆಮೇಲೆ ಒರೆಸುವ ಬಟ್ಟೆ ಕೈಯಲ್ಲೇ ಹಿಡಿದು ಮೆಟ್ಟಿಲ ತಲೆಗೆ ಬಂದು ನಿಂತರು.

“ಮಾತು ಕೊಟ್ಟದ್ದು ನೆನಪುಂಟಾ?” ಅಂತ ಗಂಡನನ್ನು ಕೇಳಿದರು.

“ಉಂಟು,” ಅಂದರು ಮೋನಪ್ಪನವರು. ಸೊಂಟದ ಪಟ್ಟಿ ಬಿಚ್ಚತೊಡಗಿದರು. ಅವರ ಬೆರಳಿಗೆ ಬಕ್ಕಲ್ ಸಿಗುತ್ತಿರಲಿಲ್ಲ. ಮೂವತ್ತು ವರ್ಷ ದೋಸೆ ಕಲ್ಲಿನ ಮುಂದೆ ಸುಟ್ಟುಕೊಂಡ ಬೆರಳುಗಳವು. ನೋಡಿ ನನಗೆ ಇನ್ನಷ್ಟು ಕೋಪ ಬಂತು. ಅವರ ಮೇಲೆ, ಆ ಮಾತು ತೆಗೆದುಕೊಂಡ ಜಯಂತಿಯವರ ಮೇಲೆ, ಆ ಮಂಡಿಯ ಮೇಲೆ, ನನ್ನ ಮೇಲೂ.

“ಮಾರಬೇಡಿ,” ಅಂದೆ. “ಹೊಡೆಯೋದು ಅವರು ಹೊಡೀಲಿ. ಹೊರೋದು ನಾನು ಹೊರ್ತೀನಿ.”

ಜಯಂತಿಯವರು ನನ್ನನ್ನು ದುರುಗುಟ್ಟಿ ನೋಡಿದರು. “ನೀವಾ? ಮೊಟ್ಟೆಯ ವಾಸನೆಗೆ ಮೂಗು ಮುಚ್ಚುವವರು?”

“ಅವರು ಮುಚ್ಚಿ ಕಟ್ಟಿ ಕೊಡ್ಲಿ. ನನ್ನ ಬೆನ್ನಿಗೆ ಮೂಗಿಲ್ಲ.”

ಜಯಂತಿಯವರು ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಒಳಗೆ ಹೋದರು. ಬೇಡ ಅನ್ನಲಿಲ್ಲ. ಮೋನಪ್ಪನವರು ಬ್ಯಾಗ್ ಇಳಿಸಿ ಎದ್ದರು. ಬ್ಯಾಗು ಹೊಂದಿಸಲು ತಂದಿಟ್ಟುಕೊಂಡಿದ್ದ ಟೇಪನ್ನು ಜೇಬಿನಿಂದ ತೆಗೆದು, “ತಿರುಗಿ ನಿಲ್ಲಿ,” ಅಂದರು. ಕುತ್ತಿಗೆಯ ಮೂಳೆಯಿಂದ ಸೊಂಟದವರೆಗೆ ಅಳೆದರು. “ಹದಿನೆಂಟೂವರೆ ಇಂಚು,” ಅಂತ ತಮಗೆ ತಾವೇ ಹೇಳಿಕೊಂಡು, ತಮ್ಮ ಬೆನ್ನಿಗೆ ಹೊಂದಿಸಿದ್ದ ಚೌಕಟ್ಟನ್ನು ಸಡಿಲಿಸಿ ನನ್ನ ಅಳತೆಗೆ ಇಳಿಸಿದರು. ಅರವತ್ತು ಪೌಂಡ್ ಅಕ್ಕಿಯನ್ನು ನನ್ನ ಬೆನ್ನಿಗೆ ಏರಿಸಿದರು.

ನನ್ನ ಕೋಪ ಇಳಿದಿರಲಿಲ್ಲ. ಹದಿನಾಲ್ಕೂ ಮೆಟ್ಟಿಲು ಅವರನ್ನು ಬೈಯುತ್ತಲೇ ಹತ್ತಿದೆ, ಬಾಯಿಗೆ ಬಂದ ಹಾಗೆ. ಅವರು ಬ್ಯಾಗಿನ ತಳಕ್ಕೆ ಒಂದು ಕೈ ಆನಿಸಿಕೊಂಡು ನನ್ನ ಹಿಂದೆಯೇ ಹತ್ತಿ ಬಂದರು.