ಡ್ರಾಯಿಂಗ್ ಮೇಷ್ಟ್ರು ಬರೆದ ಮುಖ

ನಮ್ಮ ಡ್ರಾಯಿಂಗ್ ಮೇಷ್ಟ್ರಿಗೆ ಕಿವಿಯ ಮೇಲೆ ಕುಂಚ ಸಿಕ್ಕಿಸಿಕೊಳ್ಳುವ ಅಭ್ಯಾಸ. ಸಂಜೆ ಹೊತ್ತಿಗೆ ಬಲಗಿವಿ ಹಸಿರೋ ನೀಲಿಯೋ ಆಗಿರುತ್ತಿತ್ತು. ಹಾಗೇ ನಮ್ಮ ಹೊಸಕೋಟೆ ಕಡೆಯ ವಿಜಯಪುರದ ಪೇಟೆಯಲ್ಲಿ ಓಡಾಡುತ್ತಿದ್ದರು. ನಲವತ್ತರ ದಶಕದಲ್ಲಿ ನಾನು ಅಲ್ಲಿನ ಶಾಲೆಗೆ ಹೊಸದಾಗಿ ಮೇಷ್ಟ್ರಾಗಿ ಸೇರಿದಾಗ, ನನ್ನ ಕೈ ಹಿಡಿದು ಗೆರೆ ಎಳೆಯುವುದನ್ನು ಕಲಿಸಿದವರು ಅವರೇ. "ಕೈ ಸಡಿಲ ಬಿಡಯ್ಯ, ಎತ್ತಿನ ಹಗ್ಗ ಹಿಡಿದಂಗೆ ಹಿಡೀಬೇಡ" ಎನ್ನುತ್ತಿದ್ದರು. ಅಂಥ ಪ್ರೀತಿಯ ಮನುಷ್ಯ ನನಗೆ ಹೀಗೆ ಮಾಡಬಾರದಿತ್ತು.

ಶಾಲೆಯ ಹಜಾರಕ್ಕೆ ಮಹಾಪುರುಷರ ಪಟ ಹಾಕಬೇಕೆಂದಾಯಿತು. ಬುದ್ಧ, ಮಹಾವೀರ, ಬಸವಣ್ಣ ಮುಗಿದರು. ಪೈಗಂಬರರ ಸರದಿ ಬಂದಾಗ, ಹೇಗೆ ಬರೆಯಬೇಕೆಂದು ನಾನು ನಮ್ಮ ಉರ್ದು ಮೇಷ್ಟ್ರನ್ನು ಕೇಳಿದೆ. ದಿನಾ ನನ್ನ ಜೊತೆ ಬುತ್ತಿ ಹಂಚಿಕೊಂಡು ಉಣ್ಣುತ್ತಿದ್ದ ಗೆಳೆಯ ಆತ.

"ಬೇರೆ ದೇಶದಲ್ಲಿ ಯಾವ್ದೋ ಕಾಲದಲ್ಲಿ ಮುಖಕ್ಕೆ ಮುಸುಕು ಹಾಕಿ ಬರ್ದಿದ್ರಂತೆ. ನಮ್ಮಲ್ಲಿ ಅದೂ ಇಲ್ಲ ಕಣೋ. ಮುಖ ಬರ್ದಿಟ್ರೆ ಜನ ನಾಳೆ ಆ ಪಟಕ್ಕೇ ಕೈ ಮುಗೀತಾರೆ. ದೇವ್ರಿಗೆ ಸಲ್ಲೋದು ಪಟಕ್ಕೆ ಹೋಗಬಾರ್ದು. ಮದೀನದಲ್ಲಿ ಅವರ ಸಮಾಧಿ ಮೇಲಿರೋ ಹಸಿರು ಗುಮ್ಮಟ ಬರೀಲಿ, ಸಾಕು" ಎಂದ.

ಡ್ರಾಯಿಂಗ್ ಮೇಷ್ಟ್ರು ಒಪ್ಪಿದರು. "ಗುಮ್ಮಟಾನೇ ಬರೀತೀನಿ, ಹೋಗಿ ಹೇಳಯ್ಯ" ಎಂದು ನನ್ನನ್ನೇ ಕಳಿಸಿದರು. ನಾನು ಹೋಗಿ ಮಾತು ಕೊಟ್ಟೆ. ಆ ಮಾತು ನಂಬಿ ಗೆಳೆಯ ಮಸೀದಿಯ ಹಿರಿಯರನ್ನು ಸಮಾರಂಭಕ್ಕೆ ಕರೆತಂದ.

ಪಟದ ಮೇಲಿನ ಬಟ್ಟೆ ಸರಿಸಿದರೆ ಅಲ್ಲಿ ಮುಖವಿತ್ತು. ಹಿರಿಯರು ಕಣ್ಣು ತಗ್ಗಿಸಿ ಎದ್ದು ಹೊರಟರು. ಗೆಳೆಯ ನನ್ನ ಹತ್ತಿರ ಬಂದು, "ನೀವು ಮಾತು ಕೊಟ್ಟಿದ್ರಲ್ಲ ಮೇಷ್ಟ್ರೇ" ಎಂದ. ಅಲ್ಲಿಯವರೆಗೆ ಆತ ನನ್ನನ್ನು ‘ನೀವು’ ಎಂದದ್ದೇ ಇರಲಿಲ್ಲ.

ಪಟವನ್ನು ಅವತ್ತೇ ಇಳಿಸಿದರು. "ಯಾಕ್ ಸಾರ್ ಹಿಂಗ್ ಮಾಡಿದ್ರಿ?" ಎಂದು ನಾನು ಕೂಗಾಡಿದೆ. ಡ್ರಾಯಿಂಗ್ ಮೇಷ್ಟ್ರಿಗೆ ನಿಜಕ್ಕೂ ಆಶ್ಚರ್ಯ.

"ಎಲ್ರಿಗೂ ಮುಖ ಬರ್ದು ಅವರೊಬ್ರಿಗೆ ಕಟ್ಟಡ ಬರೆದ್ರೆ ಅವಮಾನ ಅಲ್ವೇನಯ್ಯಾ? ಎಷ್ಟು ಭಕ್ತಿಯಿಂದ ಬರ್ದೆ ಗೊತ್ತಾ?"

"ನಂಗೆ ಇದು ಗೊತ್ತಿರ್ಲಿಲ್ಲ ಅಂತಾದ್ರೂ ಅವನಿಗೆ ನೀವೇ ಹೇಳಿ ಸಾರ್, ನಾನ್ ಹೇಳಿದ್ರೆ ನಂಬಲ್ಲ."

"ಹೇಳೋಣ ಬಿಡು."

ಆ ‘ಹೇಳೋಣ’ ತಿಂಗಳುಗಟ್ಟಲೆ ನಡೆಯಿತು. ಗೆಳೆಯ ಹೊಸಕೋಟೆಗೆ ವರ್ಗ ಮಾಡಿಸಿಕೊಂಡು ಹೋದ. ಮರುವರ್ಷ ಡ್ರಾಯಿಂಗ್ ಮೇಷ್ಟ್ರು ಜ್ವರದಲ್ಲಿ ತೀರಿಕೊಂಡರು. ಚಟ್ಟಕ್ಕೆ ಹೆಗಲು ಕೊಟ್ಟೆ, ಅಳುವೂ ಬಂತು. ಸಿಟ್ಟು ಮಾತ್ರ ಇಳಿಯಲಿಲ್ಲ. ಇವತ್ತಿಗೂ ಇಳಿದಿಲ್ಲ.

ಸುದ್ದಿ ತಿಳಿದು ಗೆಳೆಯನೂ ಬಂದಿದ್ದ. ಸ್ಮಶಾನದಿಂದ ವಾಪಸು ಬರುವಾಗ ಕೇಳಿದ: "ಮೇಷ್ಟ್ರೇ, ಅವತ್ತು ನಿಮಗೆ ಗೊತ್ತಿತ್ತಾ?"

"ಇಲ್ಲ" ಎಂದೆ.

"ಆಗ್ಲಿ ಬಿಡಿ" ಎಂದು ಬಸ್ಸಿನ ಕಡೆ ನಡೆದ. ನನ್ನ ಮಾತು ನಿಜವೆಂದು ಹೇಳಬಲ್ಲವರು ಒಬ್ಬರೇ ಇದ್ದರು. ಅವರನ್ನು ಆಗಷ್ಟೇ ಸುಟ್ಟು ಬಂದಿದ್ದೆವು.