ನಲವತ್ತೇಳನೇ ಪುಟದ ಭಕ್ತ

ನಾಟ್‌ವಿಕದ ಎಲೆಕ್ಟ್ರಿಷಿಯನ್ ಅಸ್ಲಾಕ್ ಥ್ವೇಟೆ ಇಪ್ಪತ್ತೆರಡರ ಹರೆಯದಲ್ಲೇ ಚರ್ಚಿಗೆ ಕಾಗದ ಬರೆದು ಸದಸ್ಯರ ಪಟ್ಟಿಯಿಂದ ತನ್ನ ಹೆಸರು ತೆಗೆಸಿಕೊಂಡವನು. ಊರಿನ ಮುನ್ನೂರು ಜನರಲ್ಲಿ ಅಂಥ ಕಾಗದ ಬರೆದವನು ಅವನೊಬ್ಬನೇ. ಉಳಿದವರಿಗೆ ದೇವರ ಮೇಲೆ ಭಕ್ತಿ ಹೆಚ್ಚಿತ್ತೆಂದಲ್ಲ, ಅಂಚೆಪೆಟ್ಟಿಗೆ ದೂರವಿತ್ತು.

ಇಂಥ ಅಸ್ಲಾಕ್ ಹದಿನೆಂಟು ವರ್ಷಗಳಿಂದ ನಾರ್ವೆಯ ಐದನೇ ತರಗತಿಯ ಮಕ್ಕಳ ಧರ್ಮಪಾಠದ ಪುಸ್ತಕದಲ್ಲಿ, ನಲವತ್ತೇಳನೇ ಪುಟದಲ್ಲಿ, ತಲೆ ತಗ್ಗಿಸಿ ಕೈ ಜೋಡಿಸಿ ಕೂತಿದ್ದ. ಚಿತ್ರದ ಕೆಳಗೆ ಹೀಗೆ ಅಚ್ಚಾಗಿತ್ತು: 'ಪ್ರಾರ್ಥನೆಯಲ್ಲಿ ಮೈಮರೆತ ಕ್ರೈಸ್ತ.'

ಆದದ್ದು ಇಷ್ಟೆ. ಚಿತ್ರ ತೆಗೆದ ವರ್ಷ ಕ್ರಿಸ್‌ಮಸ್ ಹಿಂದಿನ ದಿನ ಚರ್ಚಿನ ಮೂರನೇ ಬೆಂಚಿನಡಿಯ ಬಿಸಿ ಪೈಪು ಕೆಟ್ಟಿತು. ದೀಕ್ಷಾಸ್ನಾನದ ಬೋಗುಣಿಯ ನೀರನ್ನು ಸುತ್ತಿಗೆಯಿಂದ ಒಡೆಯಬೇಕಾದಂಥ ಚಳಿ. ಮೂರನೇ ಬೆಂಚಿನ ಅಜ್ಜಿಯ ಕಟ್ಟಿಸಿದ ಹಲ್ಲು ಕಟಕಟಿಸುವ ಸದ್ದನ್ನೇ ತಾಳ ಮಾಡಿಕೊಂಡು ಆರ್ಗನ್‌ನವನು ಮೂರು ಹಾಡು ನುಡಿಸಿದ. ಪಾದ್ರಿಯಮ್ಮ ಸುನ್ನಿವಾ ಫೋನು ಮಾಡಿ ಅಸ್ಲಾಕನನ್ನು ಕರೆಸಿದಳು. ಅವನು ಬಂದು ತಂತಿ ಜೋಡಿಸಿ, ಪೈಪನ್ನು ಎರಡೂ ಕೈಯಲ್ಲಿ ಹಿಡಿದು, ಬಿಸಿಯೇರುತ್ತದೋ ಇಲ್ಲವೋ ಎಂದು ಬಗ್ಗಿ ಕೂತ. ಅದೇ ಹೊತ್ತಿಗೆ ಪುಸ್ತಕಕ್ಕೆಂದು ಓಸ್ಲೋದಿಂದ ಬಂದಿದ್ದ ಫೋಟೋಗ್ರಾಫರ್ ಕ್ಯಾಮೆರಾ ಎತ್ತಿದ. ಊರಿಗೆ ಊರೇ ಕ್ಯಾಮೆರಾ ಕಡೆ ನೋಡಿ ಕೂದಲು ಸರಿಮಾಡಿಕೊಳ್ಳುತ್ತಿತ್ತು. ದೇವರ ಧ್ಯಾನದಲ್ಲಿದ್ದಂತೆ ಕಂಡವನು ಒಬ್ಬನೇ.

ತಪ್ಪನ್ನು ಯಾರೂ ತಿದ್ದಲಿಲ್ಲ. ನಾಟ್‌ವಿಕದಲ್ಲಿ ಪಕ್ಕದ ಮನೆಯವನ ಆದಾಯವನ್ನು ಸರ್ಕಾರದ ಪಟ್ಟಿಯಲ್ಲಿ ನೋಡಬಹುದು, ತಪ್ಪಿಲ್ಲ. ಆದರೆ 'ದೇವರನ್ನು ನಂಬುತ್ತೀಯಾ?' ಎಂದು ಕೇಳುವುದು, ನಡುಬೀದಿಯಲ್ಲಿ ಅಂಗಿ ಬಿಚ್ಚು ಎಂದ ಹಾಗೆ. ಊರವರು ಪುಸ್ತಕ ನೋಡಿದರು, ಅಸ್ಲಾಕನನ್ನು ನೋಡಿದರು, ಹವೆಯ ಬಗ್ಗೆ ಮಾತಾಡಿದರು.

ಪ್ರತಿ ಸೆಪ್ಟೆಂಬರಿನಲ್ಲಿ ಟೀಚರು ಐದನೇ ತರಗತಿಯವರನ್ನು ಭಕ್ತನ ದರ್ಶನಕ್ಕೆ ಕರೆತರುತ್ತಿದ್ದರು. ಮಕ್ಕಳು ಪುಸ್ತಕವನ್ನೂ ಅವನನ್ನೂ ಅಕ್ಕಪಕ್ಕ ಇಟ್ಟು ನೋಡಿ, ಕಂದು ಚೀಸು ಹಾಕಿದ ವಾಫಲ್ ತಿಂದು, ಏನೂ ಕೇಳದೆ ಹೋಗುತ್ತಿದ್ದರು. ಮದುವೆಯಾಗದ ಅಸ್ಲಾಕನ ಮನೆ ವರ್ಷದಲ್ಲಿ ತುಂಬುತ್ತಿದ್ದುದು ಅದೊಂದೇ ದಿನ. ಆ ದಿನದ ವಾಫಲ್ ಹಿಟ್ಟಿಗೆಂದು ಅವನು ಆಗಸ್ಟಿನಿಂದಲೇ ಮೊಟ್ಟೆ ಕೂಡಿಡುತ್ತಿದ್ದ.

ಅಂಥದ್ದರಲ್ಲಿ ಪ್ರಕಾಶನದಿಂದ ಕಾಗದ ಬಂತು. ಹೊಸ ಆವೃತ್ತಿ ಬರುತ್ತಿದೆ, ಚಿತ್ರದಡಿಯ ಮಾತು ನಿಜವೆಂದು ರುಜು ಹಾಕಿಸಿಕೊಳ್ಳಲು ಸಂಪಾದಕಿ ಇಂಗ್ವಿಲ್ ಮಂಗಳವಾರ ಬರುತ್ತಾಳೆ. ನಿಜ ಹೇಳಿದರೆ ಪುಟ ಹೋಗುತ್ತದೆ, ಪುಟದ ಜೊತೆ ಮಕ್ಕಳೂ ಹೋಗುತ್ತಾರೆ. ಸುಳ್ಳಿಗೆ ರುಜು ಹಾಕಲು ಕೈ ಬಾರದು. ಅಸ್ಲಾಕ್ ಸೀದಾ ಸುನ್ನಿವಾಳ ಅಡುಗೆಮನೆಗೆ ಹೋದ.

"ಸುನ್ನಿವಾ, ಆ ಫೋಟೋದಲ್ಲಿ ನಾನು ಪ್ರಾರ್ಥನೆ ಮಾಡ್ತಿರ್ಲಿಲ್ಲ."

"ಗೊತ್ತು. ನಿನ್ನ ಕರೆಸಿದ್ದೇ ನಾನಲ್ವಾ?"

"ಮತ್ತೆ ಹದಿನೆಂಟು ವರ್ಷ ಬಾಯಿಗೆ ಬೀಗ ಯಾಕೆ ಹಾಕ್ಕೊಂಡಿದ್ದೆ?"

ಅವಳು ಅದೇ ಪಾಠದ ಪುಸ್ತಕ ತಂದು ನೂರಹನ್ನೆರಡನೇ ಪುಟ ತೆರೆದಳು. ಹಿಮದ ಕಾಡಿನಲ್ಲಿ ಬೆನ್ನು ತಿರುಗಿಸಿ ಸ್ಕೀ ಮೇಲೆ ಹೋಗುತ್ತಿರುವ ಯಾರೋ ಒಬ್ಬರು. ತಲೆಯ ಮೇಲೆ ಕುಂಬಳಕಾಯಿಯಷ್ಟು ದೊಡ್ಡ ಗೊಂಡೆಯ ಕೆಂಪು ಟೋಪಿ. ಕೆಳಗೆ: 'ಧರ್ಮವಿಲ್ಲದವರು ಪ್ರಕೃತಿಯಲ್ಲಿ ನೆಮ್ಮದಿ ಕಾಣುತ್ತಾರೆ.'

"ಈ ಟೋಪಿ ನಂದು ಮಾರಾಯ," ಎಂದಳು ಸುನ್ನಿವಾ. "ಕೀರ್ತನೆ ಹೇಳ್ಕೊಂಡು ಹೋಗ್ತಿದ್ದೆ. ಅದೇ ಫೋಟೋ ಮಹಾನುಭಾವ ಮರದ ಹಿಂದೆ ಇದ್ದ."

"ಬಿಷಪ್ಪರು ನೋಡಿಲ್ವಾ?"

"ನೋಡಿದಾರೆ. ಟೋಪಿ ಚೆನ್ನಾಗಿದೆ ಅಂದ್ರು."

ಮಂಗಳವಾರ ಇಂಗ್ವಿಲ್ ಅಸ್ಲಾಕನ ಮನೆಗೆ ಬಂದಳು. ಅಸ್ಲಾಕನೂ ಸುನ್ನಿವಾಳೂ ನಿಜ ಹೇಳಿದರು. ಅವಳು ನಾಲ್ಕು ವಾಫಲ್ ಮುಗಿಸಿದಳು. ಆಮೇಲೆ ಅಸ್ಲಾಕನನ್ನು, ಹಾಗಾದರೆ ಆ ಕ್ಷಣದಲ್ಲಿ ಏನು ಮಾಡುತ್ತಿದ್ದಿರಿ ಎಂದು ಕೇಳಿದಳು.

"ಬಿಸಿಯಾಗು, ಬಿಸಿಯಾಗು ಅಂತ ಪೈಪಿಗೆ ಹೇಳ್ತಿದ್ದೆ."

"ಆಯ್ತಾ?"

"ಆಯ್ತು."

"ನೋಡು," ಎಂದಳು ಸುನ್ನಿವಾ, "ಮೂವತ್ತು ವರ್ಷದಿಂದ ಪ್ರಾರ್ಥನೆ ಮಾಡ್ತಿದೀನಿ, ನಂಗೆ ಒಂದು ಸಲಾನೂ ಇಷ್ಟು ಬೇಗ ಆಗಿಲ್ಲ."

ಪುಟ ಉಳಿಯುತ್ತದೆಯೇ ಎಂದು ಅಸ್ಲಾಕ್ ಕೇಳಿದ. ಇಂಗ್ವಿಲ್ ಚೀಟಿಯಲ್ಲಿ ಏನನ್ನೋ ಗೀಚಿಕೊಂಡು ಹೋದಳು. ಮುಂದಿನ ಆಗಸ್ಟಿನಲ್ಲಿ ಅಸ್ಲಾಕ್ ಮೊಟ್ಟೆ ಕೂಡಿಡಲಿಲ್ಲ.

ಶಾಲೆಗೆ ಹೊಸ ಪುಸ್ತಕ ಬಂತು. ನಲವತ್ತೇಳನೇ ಪುಟದಲ್ಲಿ ಎರಡೂ ಚಿತ್ರಗಳು ಅಕ್ಕಪಕ್ಕ ಕೂತಿದ್ದವು. ಕೆಳಗೆ: 'ಇವರಿಬ್ಬರಲ್ಲಿ ದೇವರನ್ನು ನಂಬುವವರು ಯಾರು? ನೋಡಿ ಹೇಳಲಾಗದು. ಕೇಳಿ ತಿಳಿಯಿರಿ.'

ಕೇಳಿ ತಿಳಿಯಿರಿ! ಆ ಎರಡು ಪದಕ್ಕೆ ಊರು ಬೆಚ್ಚಿಬಿತ್ತು. ಆ ವಾರ ಮೂರು ಜನ ಸುಮ್ಮನೆ ದೋಣಿ ಹತ್ತಿ ಮೀನು ಹಿಡಿಯಲು ಹೋದರು, ಅದರಲ್ಲಿ ಇಬ್ಬರಿಗೆ ಮೀನು ಆಗುವುದಿಲ್ಲ.

ಸೆಪ್ಟೆಂಬರಿನಲ್ಲಿ ಹದಿನಾಲ್ಕು ಮಕ್ಕಳು ಬಾಗಿಲಿಗೆ ಬಂದು ನಿಂತಾಗ ಅಸ್ಲಾಕ್ ಮೊಟ್ಟೆಗಾಗಿ ಪಕ್ಕದ ಮನೆಗೆ ಓಡಬೇಕಾಯಿತು. ಮೊದಲ ವಾಫಲ್ ಇಳಿಯುತ್ತಲೇ ಟಿರಿಲ್ ಎಂಬ ಹುಡುಗಿ ಬಾಯಿ ಒರೆಸಿಕೊಂಡಳು.

"ಅಸ್ಲಾಕ್ ಅಜ್ಜ, ನೀವು ದೇವರನ್ನ ನಂಬ್ತೀರಾ?"

ಟೀಚರು ಕಿಟಕಿಯ ಕಡೆ ತಿರುಗಿ ಹವೆ ನೋಡತೊಡಗಿದರು. ಅರವತ್ತೊಂಬತ್ತು ವರ್ಷದಲ್ಲಿ ಅಸ್ಲಾಕನನ್ನು ಯಾರೂ ಹೀಗೆ ಕೇಳಿರಲಿಲ್ಲ. ಅವನ ಕಿವಿ ಎರಡೂ ಆ ಚರ್ಚನ್ನು ಬೆಚ್ಚಗಿಡುವಷ್ಟು ಕೆಂಪಾದವು.

"ಇಲ್ಲ, ಪುಟ್ಟಿ."

"ಯಾಕಿಲ್ಲ?"

ಅವನು ಹೇಳತೊಡಗಿದ. ಹೇಳಿದ್ದಕ್ಕೆಲ್ಲ ಒಂದು 'ಯಾಕೆ' ಬಂತು, ಹದಿನಾಲ್ಕು ಬಾಯಿಂದ ಬಂತು. ಸತ್ತ ಮೇಲೆ ಎಲ್ಲಿಗೆ ಹೋಗುತ್ತೀರಿ, ಹೋಗದಿದ್ದರೆ ಬೇಜಾರಾಗುವುದಿಲ್ಲವೇ, ಕ್ರಿಸ್‌ಮಸ್ ಉಡುಗೊರೆ ತಗೊಳ್ಳುತ್ತೀರಾ? ಹಿಟ್ಟು ಎರಡು ಸಲ ಕಲಸಿದ್ದಾಯಿತು. ಬಸ್ಸಿನವನು ಹಾರ್ನು ಹೊಡೆದೂ ಹೊಡೆದೂ ಸಾಕಾಗಿ ತಾನೇ ಒಳಗೆ ಬಂದು ಕೂತ. ಉಳಿದದ್ದು ನಾಳೆ ಎಂದು ಟೀಚರು ಮಕ್ಕಳನ್ನು ಎಬ್ಬಿಸಿದರು.

ಬಸ್ಸು ತಿರುವು ದಾಟುವುದರೊಳಗೆ ಅಸ್ಲಾಕ್ ಸುನ್ನಿವಾಳಿಗೆ ಫೋನು ಮಾಡಿದ.

"ನಾಳೆ ನೀನೂ ಬಾ. ಟೋಪಿ ಹಾಕ್ಕೊಂಡು ಬಾ. ಬರ್ತಾ ಮೊಟ್ಟೆ ತಗೊಂಡು ಬಾ."