ಮೂರು ಗಂಟೆಯ ದುಬೈ ಕರೆ

ಬಟ್ಟೆ ಒಗೆಯುವ ಯಂತ್ರ ತನ್ನ ಕೆಲಸ ಮುಗಿಸಿ ‘ಪೀ... ಪೀ...’ ಎಂದಿತು. ಹೆಂಡತಿ ಏನನ್ನೋ ಹೇಳುತ್ತಿದ್ದಳು. ನಾನು ಪತ್ರಿಕೆಯ ಹಿಂದಿನಿಂದ ‘ಹೂಂ’ಗುಟ್ಟುತ್ತಿದ್ದೆ. ಆ ಸದ್ದು ನನ್ನನ್ನು ಎಲ್ಲಿಗೆ ಎಳೆದೊಯ್ದಿತೆಂದು ನಿಮಗೆ ಹೇಳಿಯೇ ಬಿಡುತ್ತೇನೆ.

ಎಂಬತ್ತರ ದಶಕದ ಕೊನೆ. ಮೂಡುಬಿದಿರೆಯ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುವವ. ಸುತ್ತ ಹತ್ತೂರಿನಲ್ಲಿ ಯುನಿಕ್ಸ್ ಎಂಬ ಕಂಪ್ಯೂಟರ್ ವಿದ್ಯೆ ಬಲ್ಲವನು ನಾನೊಬ್ಬನೇ ಎಂಬ ಜಂಬ ಬೇರೆ. ದಿನಾ ಮಧ್ಯಾಹ್ನ ಮೂರಕ್ಕೆ ಯಂತ್ರವೇ ಮೋಡೆಮ್ ಮೂಲಕ ಫೋನ್ ಮಾಡಿ ಮಂಗಳೂರಿನ ಯಂತ್ರಕ್ಕೆ ವರದಿ ಒಪ್ಪಿಸಬೇಕು. ಅದಕ್ಕೆ ಅಪ್ಪಣೆಗಳ ಪಟ್ಟಿ ಬರೆದಿಟ್ಟೆ: ಹೊರಗಿನ ಲೈನಿಗೆ ಸೊನ್ನೆ ಒತ್ತು, ನಂಬರ್ ತಿರುಗಿಸು, ಅತ್ತಲಿಂದ ‘ಲಾಗಿನ್’ ಎಂದರೆ ನಮ್ಮ ಹೆಸರು ಹೇಳು, ಎರಡು ನಿಮಿಷ ಕಾದರೂ ಅನ್ನದಿದ್ದರೆ ಫೋನ್ ಇಟ್ಟುಬಿಡು. ಹೊಸ ಸೊಸೆಗೆ ಅತ್ತೆ ಹೇಳಿಕೊಟ್ಟಷ್ಟು ವಿವರವಾಗಿತ್ತು. ಮೋಡೆಮ್ಮಿನ ಕಿರುಚಾಟ ಮ್ಯಾನೇಜರರಿಗೆ ಆಗದ್ದರಿಂದ ಅದರ ಸ್ಪೀಕರಿನ ಬಾಯಿಯನ್ನೂ ಮುಚ್ಚಿಸಿದ್ದೆ.

ನಾಲ್ಕು ದಿನವಾದರೂ ವರದಿ ಮಂಗಳೂರು ಮುಟ್ಟಲಿಲ್ಲ. “ಈ ವಾರದೊಳಗೆ ಆಗದಿದ್ರೆ ಈ ಕಂಪ್ಯೂಟರ್ ಪೆಟ್ಟಿಗೆ ವಾಪಸ್ ಕಳಿಸುವ. ಅದರೊಟ್ಟಿಗೆ ನೀವೂ ಹೋಗ್ಬಹುದು,” ಎಂದರು ಮ್ಯಾನೇಜರ್.

ಐದನೆಯ ದಿನ ಸ್ಪೀಕರ್ ತೆರೆದು ಕುಳಿತೆ. ಮೂರು ಗಂಟೆಗೆ ಅತ್ತ ಯಾರೋ ಫೋನ್ ಎತ್ತಿದರು. ನಮ್ಮ ಮೋಡೆಮ್ ತನ್ನ ಪದ್ಧತಿಯಂತೆ ‘ಪೀ... ಪೀ...’ ಎಂದಿತು.

“ಇರಿ, ಇರಿ, ಕರೀತೇನೆ! ಲಲಿತಕ್ಕಾ, ಓಡಿ ಬನ್ನಿ, ದುಬೈದು!”

ಆ ಸ್ವರ ಸಿದ್ಧಕಟ್ಟೆ ರಸ್ತೆಯ ಹೋಟೆಲಿನ ವಾಸಣ್ಣನವರದು. ಅವರ ಫೋನೇ ಆ ಓಣಿಗೆಲ್ಲ ಫೋನು. ಯಾರಿಗೆ ಕರೆ ಬಂದರೂ ಕೂಗಿ ಕರೆಯುವುದು ಅವರ ಧರ್ಮ; ಮಾತು ಕೇಳಿಸದ ಕರೆಯೆಲ್ಲ ಅವರ ಪ್ರಕಾರ ಗಲ್ಫಿನದು. ಆಗ ಹೊಳೆಯಿತು: ಸೊನ್ನೆ ಒತ್ತಿದ ಮೇಲೆ ‘ಸ್ವಲ್ಪ ಕಾಯು’ ಎಂಬ ಅಪ್ಪಣೆಯನ್ನು ನಾನು ಬರೆದೇ ಇರಲಿಲ್ಲ. ಲೈನ್ ಸಿಗುವ ಮೊದಲೇ ಒತ್ತಿದ ಅಂಕಿಗಳು ಗಾಳಿಗೆ ಹೋಗಿ, ಕೊನೆಯ ಮೂರು ಅಂಕಿ ಮಾತ್ರ ಉಳಿಯುತ್ತಿದ್ದವು. ಆಗ ನಮ್ಮೂರಿನ ನಂಬರುಗಳೆಲ್ಲ ಮೂರೇ ಅಂಕಿಯವು; ಉಳಿದದ್ದು ವಾಸಣ್ಣನವರ ನಂಬರ್.

ಚಪ್ಪಲಿಯ ಸದ್ದು, ಬಳಿಕ ಹೆಂಗಸಿನ ಸ್ವರ; ಗಂಡ ದುಬೈಯಲ್ಲಿರುವ ಲಲಿತಕ್ಕನೇ ಇರಬೇಕು. “ಹಲೋ... ನಿಮ್ಮ ಅಮ್ಮನಿಗೆ ಕಾಲುನೋವು ಕಡಿಮೆ ಉಂಟು. ಬಾಯಿ ಮಾತ್ರ ಕಡಿಮೆ ಇಲ್ಲ.”

ಪೀ.

“ನಿಮ್ಮ ತಂಗಿ ನನ್ನ ಹೊಸ ಸೀರೆ ಉಟ್ಟು ಮದುವೆಗೆ ಹೋದ್ಲು. ಕೇಳ್ಲೂ ಇಲ್ಲ.”

ಪೀ.

“ಹಾಂ, ಹಾಗೆ ಹೇಳಿ!”

ಕೂಡಲೇ ಪಟ್ಟಿಗೆ ‘ಕಾಯು’ ಸೇರಿಸಿದೆ. ಮರುದಿನವೇ ವರದಿ ಮಂಗಳೂರು ಸೇರಿತು, ನನ್ನ ಕೆಲಸ ಉಳಿಯಿತು. ಆದರೆ ವಾರದ ಬಳಿಕ ವಾಸಣ್ಣನವರ ಹೋಟೆಲಿಗೆ ಚಾ ಕುಡಿಯಲು ಹೋದರೆ, ಸರಿಯಾಗಿ ಮೂರು ಗಂಟೆಗೆ, ಫೋನಿನ ಪಕ್ಕದ ಬೆಂಚಿನಲ್ಲಿ ಲಲಿತಕ್ಕ ಕಾದು ಕುಳಿತಿದ್ದರು. ಗಂಡನ ಕರೆಗೆ ಕಾಯುವವರನ್ನು ನಾಲ್ಕೈದು ದಿನ ಮೋಸ ಮಾಡಿದೆನಲ್ಲ ಎಂದು ನಾಚಿಕೆಯಾಯಿತು. ಚಾ ಆರುವಷ್ಟು ಹೊತ್ತು ತಡವರಿಸಿ, ಎಲ್ಲವನ್ನೂ ಒಪ್ಪಿಕೊಂಡೆ.

ಲಲಿತಕ್ಕ ನಕ್ಕುಬಿಟ್ಟರು. “ಅವರಲ್ಲ ಅಂತ ನನಗೆ ಮೊದಲ ದಿನವೇ ಗೊತ್ತು ಮಾರಾಯ್ರೆ. ಅವರಾದ್ರೆ ನಾನು ಹೇಳುದನ್ನು ಎರಡು ನಿಮಿಷ ಕೇಳ್ತಿದ್ರಾ?” ಆಮೇಲೆ ಸ್ವರ ತಗ್ಗಿಸಿ ಕೇಳಿದರು: “ನಿಮ್ಮ ಪೆಟ್ಟಿಗೆಗೆ ನಾಳೆ ಪುರುಸೊತ್ತು ಉಂಟಾ?”

ಇಷ್ಟು ನೆನಪಾದದ್ದೇ, ನಾನು ಪತ್ರಿಕೆ ಮಡಚಿಟ್ಟು ಹೆಂಡತಿಯತ್ತ ತಿರುಗಿದೆ. “ನೀನು ಏನು ಹೇಳ್ತಾ ಇದ್ದೆ? ಮೊದಲಿನಿಂದ ಹೇಳು, ಕೇಳ್ತೇನೆ.”

ಹೆಂಡತಿ ಹತ್ತಿರ ಬಂದು, ಜ್ವರ ಉಂಟೇ ಎಂದು ನನ್ನ ಹಣೆ ಮುಟ್ಟಿ ನೋಡಿದಳು.